ಚಾಂಪಿಯನ್ ಮನಸ್ಸು: ಫಾರ್ವರ್ಡ್‌ಗಳು ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಬೆಳಗಿನ ಶುಭೋದಯದ ಚಿತ್ರಗಳ ಜೊತೆ ವಾಟ್ಸಾಪ್‌ಗೆ ಬರುವ ಸಂದೇಶಗಳಲ್ಲಿ ಕ್ರೀಡಾಪಟುಗಳ ಕಥೆಗಳದ್ದು ದೊಡ್ಡ ಪಾಲು. "10,000 ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಚಾಂಪಿಯನ್ ಆಗಬಹುದು", "21 ದಿನ ಬಿಡದೆ ಮಾಡಿ, ಜೀವನ ಬದಲಾಗುತ್ತದೆ", "ಗೆಲ್ಲುವವನಿಗೆ ಭಯವೇ ಇರುವುದಿಲ್ಲ", "ನೋವು ನುಂಗಿದವನೇ ನಿಜವಾದ ಆಟಗಾರ". ಓದಿದ ಕೂಡಲೇ ಹುರುಪು ಬರುತ್ತದೆ, ಬೆರಳು ತಾನಾಗಿಯೇ ಫಾರ್ವರ್ಡ್ ಬಟನ್ ಒತ್ತುತ್ತದೆ.

ಆದರೆ ಈ ಮಾತುಗಳು ಗ್ರೂಪಿನಲ್ಲೇ ಉಳಿಯುವುದಿಲ್ಲ, ಮನೆಗೂ ಮೈದಾನಕ್ಕೂ ಬರುತ್ತವೆ. ಮೊಣಕಾಲು ನೋಯುತ್ತಿದೆ ಎಂದ ಹನ್ನೆರಡು ವರ್ಷದ ಮಗುವಿಗೆ "ಚಾಂಪಿಯನ್‌ಗಳು ಹೀಗೆಲ್ಲ ಅಳುವುದಿಲ್ಲ" ಎಂಬ ಉತ್ತರ ಸಿಗುತ್ತದೆ. ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಓಟಕ್ಕೆ ನಿಂತಾಗ ಕೈಕಾಲು ನಡುಗಿದ ಹುಡುಗಿ, ತನ್ನಲ್ಲಿ 'ಆ ಗುಣ' ಇಲ್ಲ ಎಂದುಕೊಂಡು ಆಟವನ್ನೇ ಬಿಡುತ್ತಾಳೆ. ಆದ್ದರಿಂದ ಇಂಥ ಸಂದೇಶಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವುಗಳ ಮೂಲ ಏನು, ಸಂಶೋಧನೆ ಏನು ಹೇಳುತ್ತದೆ, ದೊಡ್ಡ ಆಟಗಾರರು ನಿಜವಾಗಿ ಏನು ಮಾಡಿದರು ಎಂದು ನೋಡೋಣ.

ಮೊದಲೇ ಒಂದು ಮಾತು. ಗೆಲ್ಲುವ ಮನಸ್ಸು ಹುಟ್ಟಿನಿಂದ ಬಂದ ವರವಲ್ಲ, ಬರೀ ಛಲದಿಂದ ಹುಟ್ಟುವಂಥದ್ದೂ ಅಲ್ಲ. ಗಮನವನ್ನು ಎಲ್ಲಿಡಬೇಕು, ತಪ್ಪಾದ ಮೇಲೆ ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು, ಯಾರ ಸಹಾಯ ಕೇಳಬೇಕು ಎಂಬಂಥ ಚಿಕ್ಕ ಚಿಕ್ಕ ಕೌಶಲಗಳು ಸೇರಿ ಅದು ಆಗುತ್ತದೆ. ಇವನ್ನು ಕಲಿಯಬಹುದು, ಕಲಿಸಲೂಬಹುದು.

ಸಂದೇಶ 1: "10,000 ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ಚಾಂಪಿಯನ್"

ಇದರ ಮೂಲ ಆಟದ ಮೈದಾನವಲ್ಲ, ಸಂಗೀತ ಶಾಲೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಸಂಗೀತ ಅಕಾಡೆಮಿಯೊಂದರ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅತ್ಯುತ್ತಮ ಗುಂಪಿನವರು 20ನೇ ವಯಸ್ಸಿನ ಹೊತ್ತಿಗೆ ಸರಾಸರಿ ಸುಮಾರು 10,000 ಗಂಟೆ ಅಭ್ಯಾಸ ಮಾಡಿದ್ದರು. 2008ರಲ್ಲಿ ಲೇಖಕ ಮಾಲ್ಕಮ್ ಗ್ಲಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಇದನ್ನು ಒಂದು ನಿಯಮದಂತೆ ಬರೆದರು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು.

ಸರಾಸರಿ ಎಂದ ಮೇಲೆ ಕೆಲವರದು ಹೆಚ್ಚು, ಕೆಲವರದು ಕಡಿಮೆ ಇದ್ದೇ ಇರುತ್ತದೆ. 10,000 ಎಂಬುದು ದಾಟಿದ ಕೂಡಲೇ ಬಾಗಿಲು ತೆರೆಯುವ ಗೆರೆಯಲ್ಲ ಎಂದು ಎರಿಕ್ಸನ್ ಅವರೇ ನಂತರ ಸ್ಪಷ್ಟಪಡಿಸಿದರು. ಅವರು ಒತ್ತು ಕೊಟ್ಟದ್ದು ಗಂಟೆಗಳಿಗಲ್ಲ, ಅಭ್ಯಾಸದ ಬಗೆಗೆ. ಈಗ ಬರುವುದಕ್ಕಿಂತ ಸ್ವಲ್ಪ ಕಷ್ಟದ ಕೆಲಸವೊಂದನ್ನು ಆರಿಸಿಕೊಂಡು, ಪೂರ್ತಿ ಗಮನವಿಟ್ಟು ಮಾಡಿ, ಎಲ್ಲಿ ತಪ್ಪಿತು ಎಂದು ಗುರುವಿನಿಂದ ತಿಳಿದು, ತಿದ್ದಿಕೊಂಡು ಮತ್ತೆ ಮಾಡುವುದು. ಇಂಥ ಅಭ್ಯಾಸ ದಣಿಸುತ್ತದೆ, ದಿನವಿಡೀ ಮಾಡಲಾಗುವುದಿಲ್ಲ.

2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಕ್ರೀಡೆಯಲ್ಲಿ ಒಬ್ಬರಿಗಿಂತ ಇನ್ನೊಬ್ಬರು ಮುಂದಿರುವ ವ್ಯತ್ಯಾಸದಲ್ಲಿ ಇಂಥ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಸುಮಾರು ಶೇಕಡ 18 ಮಾತ್ರ. ಉಳಿದದ್ದರಲ್ಲಿ ದೇಹದ ರಚನೆ, ಶುರು ಮಾಡಿದ ವಯಸ್ಸು, ತರಬೇತಿಯ ಗುಣಮಟ್ಟ, ಅವಕಾಶ, ಗಾಯ, ಅದೃಷ್ಟ ಎಲ್ಲವೂ ಬರಬಹುದು. ಅಭ್ಯಾಸ ವ್ಯರ್ಥ ಎಂದು ಇದರ ಅರ್ಥವಲ್ಲ. ಅಭ್ಯಾಸವಿಲ್ಲದೆ ಯಾರೂ ಮೇಲೆ ಬಂದಿಲ್ಲ. ಆದರೆ ಶ್ರಮಪಟ್ಟೂ ಪದಕ ಬಾರದ ಮಗುವಿಗೆ "ನೀನು ಸಾಕಷ್ಟು ಕಷ್ಟಪಡಲಿಲ್ಲ" ಎನ್ನುವುದು ಅನ್ಯಾಯ.

ಸಂದೇಶ 2: "21 ದಿನ ಬಿಡದೆ ಮಾಡಿದರೆ ಅಭ್ಯಾಸ ರಕ್ತಗತ"

ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು 1960ರ ಪುಸ್ತಕವೊಂದರಲ್ಲಿ ಬರೆದಿದ್ದರು. ಅದು ಒಬ್ಬ ವೈದ್ಯರ ಗಮನಿಕೆ. ಕಾಲ ಕಳೆದಂತೆ 'ಕನಿಷ್ಠ' ಎಂಬ ಪದ ಉದುರಿಹೋಯಿತು, 'ಮುಖ' ಹೋಗಿ 'ಎಲ್ಲ ಅಭ್ಯಾಸ' ಬಂತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ಊಟದ ಜೊತೆ ಹಣ್ಣು ತಿನ್ನುವುದು, ದಿನವೂ ಸ್ವಲ್ಪ ಓಡುವುದು ಇಂಥ ಕೆಲಸಗಳು ಯೋಚಿಸದೆ ತಾನಾಗಿ ಆಗುವಷ್ಟು ರೂಢಿಯಾಗಲು ಸರಾಸರಿ 66 ದಿನ ಹಿಡಿದವು. ಒಬ್ಬರಿಂದ ಒಬ್ಬರಿಗೆ ಇದು 18 ದಿನದಿಂದ 254 ದಿನದವರೆಗೆ ಬದಲಾಗಬಹುದು ಎಂದು ಅವರ ಲೆಕ್ಕ ತೋರಿಸಿತು.

ಈ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗುವುದಿಲ್ಲ. ಜ್ವರ ಬಂದು, ಮಳೆ ಬಂದು, ಮನೆಯಲ್ಲಿ ಮದುವೆಯಾಗಿ ಒಂದು ದಿನ ಅಭ್ಯಾಸ ತಪ್ಪಿದರೆ ಎಲ್ಲ ಹಾಳಾಯಿತು ಎಂದು ಕೈಚೆಲ್ಲಬೇಕಿಲ್ಲ. ಮರುದಿನ ಮತ್ತೆ ಹೋದರೆ ಸಾಕು. ಆಟಗಾರರ ಶಿಸ್ತು ಎಂದರೆ ಎಂದೂ ತಪ್ಪದಿರುವುದಲ್ಲ, ತಪ್ಪಿದ ಮೇಲೆ ವಾಪಸ್ ಬರುವುದು.

ಸಂದೇಶ 3: "ಸೋಲೇ ಗೆಲುವಿನ ಸೋಪಾನ: ಮೈಕಲ್ ಜೋರ್ಡನ್‌ರನ್ನು ಶಾಲಾ ತಂಡದಿಂದಲೇ ಹೊರಹಾಕಿದ್ದರು"

ಇದು ಅರ್ಧ ಸತ್ಯ. 1978ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಲೇನಿ ಹೈಸ್ಕೂಲಿನಲ್ಲಿ ಜೋರ್ಡನ್‌ರಿಗೆ ಹಿರಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಆದರೆ ಹೊರಗೆ ಹಾಕಲಿಲ್ಲ, ಅದೇ ಶಾಲೆಯ ಕಿರಿಯರ ತಂಡಕ್ಕೆ ಸೇರಿಸಿದರು. ಆ ವಯಸ್ಸಿನ ಹುಡುಗನಿಗೆ ಇದು ಸಾಮಾನ್ಯ ಸಂಗತಿ. ಹಿರಿಯರ ತಂಡಕ್ಕೆ ಹೋದ ಸಹಪಾಠಿ ಅವರಿಗಿಂತ ಎತ್ತರವಾಗಿದ್ದ. ಕಿರಿಯರ ತಂಡದಲ್ಲಿ ಜೋರ್ಡನ್‌ರಿಗೆ ವರ್ಷವಿಡೀ ಆಡುವ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಅವರೂ ಉದ್ದ ಬೆಳೆದರು, ಮುಂದಿನ ವರ್ಷ ಹಿರಿಯರ ತಂಡದಲ್ಲಿದ್ದರು.

ಅಂದರೆ ಸೋಲು ತಾನಾಗಿ ಮೆಟ್ಟಿಲಾಗಲಿಲ್ಲ. ಸೋತ ಮೇಲೂ ಆಡಲು ಜಾಗ, ಹೇಳಿಕೊಡಲು ಕೋಚ್, ಬೆಳೆಯಲು ಸಮಯ ಇದ್ದುದರಿಂದ ಆಯಿತು.

ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕಿದ್ದರೆ ಪ್ರಕಾಶ್ ಪಡುಕೋಣೆ ಇದ್ದಾರೆ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಹಾಲ್. ಮದುವೆ ಇದ್ದ ದಿನ ಆಟವಿಲ್ಲ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ ಆ ಹುಡುಗ ಎರಡು ವರ್ಷದ ಬಳಿಕ ಅದೇ ಪ್ರಶಸ್ತಿ ಗೆದ್ದರು. 1971ರಿಂದ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯರಾದರು. ಫೈನಲ್‌ನಲ್ಲಿ ಎದುರಿದ್ದವರು ಹಿಂದಿನ ಎರಡು ವರ್ಷವೂ ಗೆದ್ದಿದ್ದ ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಜಿಗಿದು ಹೊಡೆಯುವ ಸ್ಮ್ಯಾಷ್‌ಗೆ ಅವರು ಹೆಸರಾಗಿದ್ದರು. ಪ್ರಕಾಶ್ ಆ ಬಲಕ್ಕೆ ಬಲದಿಂದ ಉತ್ತರಿಸಲು ಹೋಗಲಿಲ್ಲ. ತಮಗೆ ಚೆನ್ನಾಗಿ ಬರುತ್ತಿದ್ದ ನಯವಾದ, ಲೆಕ್ಕಾಚಾರದ ಆಟವನ್ನೇ ಆಡಿ 15-3, 15-10ರಿಂದ ಗೆದ್ದರು. ತನ್ನ ಶಕ್ತಿ ಯಾವುದು, ಎದುರಾಳಿಯ ಶಕ್ತಿ ಯಾವುದು ಎಂದು ತಣ್ಣಗೆ ಯೋಚಿಸುವುದೂ ಚಾಂಪಿಯನ್ ಮನಸ್ಸಿನ ಭಾಗವೇ.

ಸಂದೇಶ 4: "ಚಾಂಪಿಯನ್‌ಗಳಿಗೆ ಭಯವೇ ಇರುವುದಿಲ್ಲ"

ಇದು ಸುಳ್ಳು. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದ ಶೂಟರ್ ಅಭಿನವ್ ಬಿಂದ್ರಾ ಅವರನ್ನೇ ನೋಡಿ. 2004ರ ಅಥೆನ್ಸ್ ಫೈನಲ್‌ನಲ್ಲಿ ಅವರಿಗೆ ಏಳನೇ ಸ್ಥಾನ. 2008ರ ಬೀಜಿಂಗ್‌ಗೆ ಮೊದಲು ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬವೊಂದನ್ನು ಹತ್ತಿ ಅಭ್ಯಾಸ ಮಾಡಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಅರ್ಧದಲ್ಲಿ ಭಯವಾಗಿ ನಿಂತರೂ ಕೊನೆಗೆ ತುದಿ ಮುಟ್ಟಿದರು. ಭಯವನ್ನು ಇಲ್ಲವಾಗಿಸಲು ಅವರು ಹಾಗೆ ಮಾಡಲಿಲ್ಲ. ಭಯ ಇರುವಾಗಲೇ ಕೆಲಸ ಮುಗಿಸುವುದನ್ನು ಕಲಿಯಲು ಮಾಡಿದರು. ಬೀಜಿಂಗ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅವರೂ ಫಿನ್‌ಲೆಂಡಿನ ಹೆನ್ರಿ ಹಕ್ಕಿನೆನ್ ಅವರೂ ಸಮಸಮ. ಬಿಂದ್ರಾ 10.8 ಹೊಡೆದರು.

ಪಂದ್ಯಕ್ಕೆ ಮುಂಚೆ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ದೇಹ ಸಿದ್ಧವಾಗುತ್ತಿರುವ ಲಕ್ಷಣಗಳು. ಅಡ್ರಿನಲಿನ್ ಹಾರ್ಮೋನು ಹೃದಯದ ಬಡಿತ ಹೆಚ್ಚಿಸಿ ಸ್ನಾಯುಗಳಿಗೆ ರಕ್ತ ಕಳಿಸುತ್ತದೆ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವುದು, ಭಾಷಣ ಮಾಡುವುದು ಮುಂತಾದ ಪುಕ್ಕಲು ಹುಟ್ಟಿಸುವ ಕೆಲಸಗಳ ಮುಂಚೆ "ಶಾಂತವಾಗಿರು" ಎಂದು ತಮಗೆ ತಾವೇ ಹೇಳಿಕೊಂಡವರಿಗಿಂತ "ನನಗೆ ಉತ್ಸಾಹವಾಗುತ್ತಿದೆ" ಎಂದು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಇವು ಕ್ರೀಡೆಯ ಮೇಲೆ ಮಾಡಿದ ಪ್ರಯೋಗಗಳಲ್ಲ, ಆದರೂ ಖರ್ಚಿಲ್ಲದ ಉಪಾಯ. ಭಯಕ್ಕೂ ಉತ್ಸಾಹಕ್ಕೂ ದೇಹದಲ್ಲಿ ಆಗುವ ಬದಲಾವಣೆ ಹೆಚ್ಚುಕಡಿಮೆ ಒಂದೇ. ಅದಕ್ಕೆ ಯಾವ ಹೆಸರು ಕೊಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಹಾಗಾದರೆ ಒತ್ತಡದಲ್ಲಿ ಚೆನ್ನಾಗಿ ಆಡುವವರೂ ತಡವರಿಸುವುದೇಕೆ? ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಅನುಭವಿ ಫುಟ್‌ಬಾಲ್ ಆಟಗಾರರಿಗೆ ಚೆಂಡನ್ನು ಒದೆಯುತ್ತ ಸಾಗುವಾಗ ಪಾದದ ಯಾವ ಭಾಗ ಚೆಂಡಿಗೆ ತಾಕುತ್ತಿದೆ ಎಂದು ಗಮನಿಸಲು ಹೇಳಿದರು. ಅವರ ಆಟ ನಿಧಾನವಾಯಿತು. ಹೊಸಬರಿಗೆ ಹಾಗಾಗಲಿಲ್ಲ. ರೂಢಿಯಾದ ಕೆಲಸವನ್ನು ಬಿಡಿಬಿಡಿಯಾಗಿ ಗಮನಿಸಲು ಹೋದರೆ ಅದು ಕೆಡುತ್ತದೆ. ಮೆಟ್ಟಿಲಿಳಿಯುವಾಗ ಯಾವ ಕಾಲು ಮೊದಲು ಎಂದು ಯೋಚಿಸಿದರೆ ಮುಗ್ಗರಿಸುವ ಹಾಗೆ.

ಅದಕ್ಕೇ ಸರ್ವ್ ಮಾಡುವ ಮುನ್ನ ಚೆಂಡನ್ನು ಎಣಿಸಿ ಪುಟಿಸುವುದು, ಪ್ರತಿ ಎಸೆತಕ್ಕೂ ಮುಂಚೆ ಗಾರ್ಡ್ ತೆಗೆದುಕೊಂಡು ಒಂದು ಉಸಿರು ಬಿಡುವುದು. ಕೆಲವರು ಇದನ್ನು ಮೂಢನಂಬಿಕೆ ಎನ್ನುತ್ತಾರೆ. ಬಣ್ಣದ ದಾರ, ಅದೃಷ್ಟದ ಸಾಕ್ಸ್ ಬೇರೆ ವಿಷಯ. ಆದರೆ ಪ್ರತಿ ಬಾರಿ ಒಂದೇ ಬಗೆಯಲ್ಲಿ ಮಾಡುವ ಚಿಕ್ಕ ತಯಾರಿ, ಸ್ಕೋರಿನ ಕಡೆಗೋ ಜನರ ಕಡೆಗೋ ಓಡುವ ಗಮನವನ್ನು ಮುಂದಿನ ಚೆಂಡಿಗೆ ತಂದು ನಿಲ್ಲಿಸುತ್ತದೆ. ಅಭ್ಯಾಸದಲ್ಲೂ ಪಂದ್ಯದಲ್ಲೂ ಒಂದೇ ರೀತಿ ಮಾಡಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಸಂದೇಶ 5: "ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊಳ್ಳಿ, ಅದು ನಿಜವಾಗುತ್ತದೆ"

ಕಲ್ಪನೆಯ ಅಭ್ಯಾಸ ಕೆಲಸ ಮಾಡುತ್ತದೆ ಎಂಬುದು ನಿಜ. 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆ, ಮನಸ್ಸಿನಲ್ಲೇ ಮಾಡುವ ಅಭ್ಯಾಸದಿಂದ ಆಟ ಸುಧಾರಿಸುತ್ತದೆ, ಆದರೆ ಮೈದಾನದ ಅಭ್ಯಾಸದಷ್ಟು ಅಲ್ಲ ಎಂದು ಕಂಡುಕೊಂಡಿತು. ಮೈದಾನಕ್ಕೆ ಹೋಗುವವರಿಗೆ ಇದು ಜೊತೆಗಾರ, ಅದರ ಬದಲಿಯಲ್ಲ.

ಏನನ್ನು ಕಲ್ಪಿಸಿಕೊಳ್ಳಬೇಕು ಎಂಬುದೂ ಮುಖ್ಯ. ಈಜುಗಾರ ಮೈಕಲ್ ಫೆಲ್ಪ್ಸ್ ಕೋಚ್ ಬಾಬ್ ಬೌಮನ್ ಹೇಳಿಕೊಟ್ಟಂತೆ ಇಡೀ ರೇಸನ್ನು ಮನಸ್ಸಿನಲ್ಲಿ ಓಡಿಸಿ ನೋಡುತ್ತಿದ್ದರು. ಪದಕ ಕೊರಳಿಗೆ ಬೀಳುವ ದೃಶ್ಯ ಮಾತ್ರವಲ್ಲ, ಏನೇನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂಬುದೂ ಅದರಲ್ಲಿತ್ತು. 2008ರ ಬೀಜಿಂಗ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅವರ ಈಜು ಕನ್ನಡಕಕ್ಕೆ ನೀರು ನುಗ್ಗಿತು. ಕೊನೆಕೊನೆಗೆ ಗೋಡೆಯೇ ಕಾಣಲಿಲ್ಲ. ಕೈಬೀಸುಗಳನ್ನು ಎಣಿಸುತ್ತ ಈಜಿ 1 ನಿಮಿಷ 52.03 ಸೆಕೆಂಡಿನಲ್ಲಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು.

ಇದೇ ಸಾಲಿಗೆ ಸೇರುವ ಇನ್ನೊಂದು ಸಂದೇಶ, ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ಎದೆಯುಬ್ಬಿಸಿ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂಬುದು. 2010ರ ಒಂದು ಚಿಕ್ಕ ಅಧ್ಯಯನ ಹಾಗೆ ಹೇಳಿತ್ತು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನಿನಲ್ಲಿ ಬದಲಾವಣೆ ಕಾಣಲಿಲ್ಲ. ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ 2016ರಲ್ಲಿ ಆ ಪರಿಣಾಮ ನಿಜವೆಂದು ತಾನು ನಂಬುವುದಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಎದೆಯುಬ್ಬಿಸಿ ನಿಲ್ಲುವುದರಿಂದ ತೊಂದರೆಯಿಲ್ಲ, ಅದನ್ನೇ ನಂಬಿ ಕೂರಬೇಡಿ ಅಷ್ಟೇ.

ಸಂದೇಶ 6: "ನೋವು ನುಂಗಿದವನೇ ನಿಜವಾದ ಆಟಗಾರ"

ಎಲ್ಲಕ್ಕಿಂತ ಅಪಾಯಕಾರಿ ಸಂದೇಶ ಇದು. ಇದರ ಜೊತೆ ಸಾಮಾನ್ಯವಾಗಿ ತಲೆ, ಗದ್ದಕ್ಕೆ ಬ್ಯಾಂಡೇಜ್ ಸುತ್ತಿಕೊಂಡ ಅನಿಲ್ ಕುಂಬ್ಳೆ ಅವರ ಚಿತ್ರ ಇರುತ್ತದೆ. ಘಟನೆ ನಿಜ. 2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಬ್ಯಾಟಿಂಗ್ ಮಾಡುವಾಗ ಚೆಂಡು ತಗುಲಿ ಅವರ ದವಡೆ ಮುರಿದಿತ್ತು. ಆದರೂ ಬಂದು 14 ಓವರ್ ಬೌಲ್ ಮಾಡಿ ಬ್ರಯನ್ ಲಾರಾ ಅವರ ವಿಕೆಟ್ ಪಡೆದರು.

ಫಾರ್ವರ್ಡ್ ಅಲ್ಲಿಗೆ ನಿಲ್ಲುತ್ತದೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕುಂಬ್ಳೆ ಸರಣಿ ಬಿಟ್ಟು ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ವಿಶ್ರಾಂತಿ ಪಡೆದರು. ಅವರು ಆಗ 31 ವರ್ಷದ, ಪೂರ್ತಿ ಬೆಳೆದ ದೇಹದ ಅನುಭವಿ ಆಟಗಾರ. ಏನಾಗಿದೆ ಎಂದು ತಿಳಿದೇ, ತಾವೇ ತೆಗೆದುಕೊಂಡ ನಿರ್ಧಾರ ಅದು. ಮೂಳೆ ಇನ್ನೂ ಬೆಳೆಯುತ್ತಿರುವ, ಕೋಚ್‌ಗೆ ಎದುರಾಡಲು ಹೆದರುವ ಹದಿಮೂರು ವರ್ಷದ ಮಗುವಿಗೆ ಈ ಉದಾಹರಣೆ ಕೊಡುವುದು ತಪ್ಪು.

ಎದುರಿಗೆ ಇನ್ನೊಂದು ಉದಾಹರಣೆ ಇಡೋಣ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿತ್ತು. ಆ ಸ್ಥಿತಿಯಲ್ಲಿ ನೆಲಕ್ಕಿಳಿಯುವಾಗ ಕುತ್ತಿಗೆ ಮುರಿಯಬಹುದು. ಆಗ ಅವರನ್ನು ಹೇಡಿ ಎಂದವರೂ ಇದ್ದರು. ಕೆಲವೇ ದಿನಗಳಲ್ಲಿ ಬೀಮ್ ವಿಭಾಗಕ್ಕೆ ಮರಳಿ ಕಂಚು ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಅಂದು ನಿಲ್ಲಿಸಿದ್ದರಿಂದಲೇ ಮುಂದೆ ಆಡಲು ಸಾಧ್ಯವಾಯಿತು.

ಯಾವ ನೋವು ಸಹಜ, ಯಾವುದು ಎಚ್ಚರಿಕೆ? ಹೊಸ ವ್ಯಾಯಾಮದ ಮರುದಿನ ಅಥವಾ ಅದರ ಮರುದಿನ ಸ್ನಾಯುಗಳಲ್ಲಿ ಹರಡಿದಂತಿರುವ, ಎರಡು ಮೂರು ದಿನದಲ್ಲಿ ಇಳಿಯುವ ಮೈಕೈ ನೋವು ಸಾಮಾನ್ಯ. ಆದರೆ ಒಂದೇ ಜಾಗದಲ್ಲಿ ಚುಚ್ಚುವ ನೋವು, ಕೀಲಿನ ಊತ, ಕುಂಟುವಂತಾಗುವುದು, ರಾತ್ರಿ ನಿದ್ದೆ ಕೆಡಿಸುವ ನೋವು, ಆಡಿದಷ್ಟೂ ಹೆಚ್ಚುವ ಮೂಳೆ ನೋವು ಇದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ತಲೆಗೆ ಪೆಟ್ಟಾಗಿ ಮಂಕು, ವಾಂತಿ, ತಲೆಸುತ್ತು, ಮರೆವು ಕಂಡರೆ ಆ ದಿನ ಮತ್ತೆ ಮೈದಾನಕ್ಕೆ ಇಳಿಸಲೇಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನಸ್ಸಿನ ನೋವಿಗೂ ಇದೇ ಮಾತು. ಚಿನ್ನ ಗೆದ್ದ ನಂತರ ಖಾಲಿತನ, ಖಿನ್ನತೆ ಕಾಡಿದ್ದನ್ನು ಬಿಂದ್ರಾ ಹೇಳಿಕೊಂಡಿದ್ದಾರೆ, ಫೆಲ್ಪ್ಸ್ ಕೂಡ. ಇಬ್ಬರೂ ಸಹಾಯ ಪಡೆಯುವುದರ ಬಗ್ಗೆ ಮುಕ್ತವಾಗಿ ಮಾತನಾಡುತ್ತಾರೆ. 2011ರ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಜೊತೆ ಮಾನಸಿಕ ತರಬೇತುದಾರ ಪ್ಯಾಡಿ ಆಪ್ಟನ್ ಇದ್ದರು. 2024ರಲ್ಲಿ ವಿಶ್ವ ಚೆಸ್ ಚಾಂಪಿಯನ್ ಆದ ಗುಕೇಶ್ ಕೂಡ ಅವರ ನೆರವು ಪಡೆದಿದ್ದರು. ಮನಸ್ಸಿಗೆ ತರಬೇತಿ ಪಡೆಯುವುದು ದೌರ್ಬಲ್ಯವಾಗಿದ್ದರೆ ಇವರ್ಯಾರೂ ಪಡೆಯುತ್ತಿರಲಿಲ್ಲ. ನಿಮ್ಮ ಮನೆಯ ಆಟಗಾರರಿಗೆ ನಿದ್ದೆ, ಊಟ ತಪ್ಪುವಷ್ಟು ಬೇಸರವಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸಂದೇಶ 7: "ಬೆಳೆಯುವ ಸಿರಿ ಮೊಳಕೆಯಲ್ಲಿ: ಐದು ವರ್ಷಕ್ಕೇ ಒಂದೇ ಆಟಕ್ಕೆ ಹಾಕಿ"

ಗಾದೆ ಚೆನ್ನಾಗಿದೆ, ಆದರೆ ಕ್ರೀಡೆಯಲ್ಲಿ ಹೆಚ್ಚಿನವರ ವಿಷಯದಲ್ಲಿ ಹೀಗಾಗುವುದಿಲ್ಲ. 2021ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ಆಟಗಾರರ ಮಾಹಿತಿ ಸೇರಿಸಿದ ವಿಶ್ಲೇಷಣೆಯೊಂದು ಕುತೂಹಲದ ಸಂಗತಿ ತೋರಿಸಿತು. ದೊಡ್ಡವರಾದ ಮೇಲೆ ವಿಶ್ವಮಟ್ಟ ಮುಟ್ಟಿದವರು, ರಾಷ್ಟ್ರಮಟ್ಟದಲ್ಲೇ ಉಳಿದವರಿಗೆ ಹೋಲಿಸಿದರೆ, ಚಿಕ್ಕಂದಿನಲ್ಲಿ ಹೆಚ್ಚು ಬಗೆಯ ಆಟ ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಶುರು ಮಾಡಿದ್ದರು, ಮೊದಮೊದಲು ನಿಧಾನವಾಗಿಯೇ ಮುಂದೆ ಬಂದಿದ್ದರು. ಜೂನಿಯರ್ ಹಂತದಲ್ಲಿ ಮಿಂಚಿದವರ ಕಥೆ ಬೇರೆ. ಅವರಲ್ಲಿ ಬೇಗ ಶುರು ಮಾಡಿದವರೇ ಹೆಚ್ಚು. ಅಂದರೆ ಬೇಗ ಶುರು ಮಾಡಿದರೆ ಚಿಕ್ಕಂದಿನ ಕಪ್ಪುಗಳು ಬರಬಹುದು, ದೊಡ್ಡವರಾದಾಗಿನ ಸಾಧನೆಗೆ ಅದು ಖಾತ್ರಿಯಲ್ಲ.

ರೋಜರ್ ಫೆಡರರ್ ಚಿಕ್ಕವರಿದ್ದಾಗ ಫುಟ್‌ಬಾಲ್ ಸೇರಿದಂತೆ ಹಲವು ಆಟ ಆಡಿದವರು. ನೀರಜ್ ಚೋಪ್ರಾ ಪಾಣಿಪತ್‌ನ ಕ್ರೀಡಾಂಗಣಕ್ಕೆ ಮೊದಲು ಹೋದದ್ದು ಜಾವೆಲಿನ್ ಕಲಿಯಲು ಅಲ್ಲ, ತೂಕ ಇಳಿಸಲು.

ಒಂದೇ ಆಟಕ್ಕೆ ಮೀಸಲಾಗುವುದನ್ನು ಸಾಧ್ಯವಾದರೆ 15, 16ನೇ ವಯಸ್ಸಿನವರೆಗೆ ಮುಂದೂಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಲಹೆ ಕೊಟ್ಟಿತು. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಇರಬೇಕು ಎಂದೂ ಹೇಳಿತು. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳಲ್ಲಿ ಬೇಗ ಶುರು ಮಾಡಬೇಕಾಗುತ್ತದೆ. ಉಳಿದವರಿಗೆ ಖೋಖೋ, ಕಬಡ್ಡಿ, ಈಜು, ಮರ ಹತ್ತುವುದು ಎಲ್ಲವೂ ತರಬೇತಿಯೇ.

ಸಂದೇಶ 8: "ಆಟಕ್ಕೆ ಸೇರಿಸಿ, ಒಳ್ಳೆಯ ಗುಣ ತಾನಾಗಿ ಬರುತ್ತದೆ"

ತಾನಾಗಿ ಬರುವುದಿಲ್ಲ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕ್ಯಾನ್ಸರ್ ಗೆದ್ದು ಬಂದು ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದಾಗ ಛಲಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ಇರಲಿಲ್ಲ. 2012ರಲ್ಲಿ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು, 2013ರಲ್ಲಿ ಉದ್ದೀಪನ ಮದ್ದು ಬಳಸಿದ್ದನ್ನು ಅವರೇ ಒಪ್ಪಿಕೊಂಡರು. ಛಲ ಇದ್ದಮಾತ್ರಕ್ಕೆ ಸಚ್ಚಾರಿತ್ರ್ಯ ಇರಬೇಕೆಂದಿಲ್ಲ.

ಇನ್ನೊಂದು ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಗೆರೆ ಮುಟ್ಟುವ ಮೊದಲೇ ರೇಸ್ ಮುಗಿಯಿತೆಂದು ನಿಂತ ಕೀನ್ಯಾದ ಓಟಗಾರನನ್ನು ಹಿಂದಿದ್ದ ಸ್ಪೇನಿನ ಓಟಗಾರ ದಾಟದೆ, ಗೆರೆಯವರೆಗೆ ದಾರಿ ತೋರಿಸಿದ ಕಥೆ. ಇದು ನಡೆದದ್ದು ನಿಜ. ಆದರೆ ಕೆಲವು ಸಂದೇಶಗಳು ಹೇಳುವಂತೆ ಒಲಿಂಪಿಕ್ಸ್‌ನಲ್ಲಿ ಅಲ್ಲ, 2012ರ ಡಿಸೆಂಬರ್‌ನಲ್ಲಿ ಸ್ಪೇನಿನ ನವಾರಾ ಪ್ರಾಂತ್ಯದ ಒಂದು ಕ್ರಾಸ್ ಕಂಟ್ರಿ ಓಟದಲ್ಲಿ. ನಿಂತವರು ಲಂಡನ್ ಒಲಿಂಪಿಕ್ಸ್‌ನ ಕಂಚಿನ ಪದಕ ವಿಜೇತ ಅಬೆಲ್ ಮುತಾಯಿ, ದಾರಿ ತೋರಿಸಿದವರು ಇವಾನ್ ಫರ್ನಾಂಡೆಸ್ ಅನಾಯಾ. ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಅವರ ಕೋಚ್, ಮಾಜಿ ವಿಶ್ವ ಮ್ಯಾರಥಾನ್ ಚಾಂಪಿಯನ್ ಮಾರ್ಟಿನ್ ಫಿಸ್ ಆಗ ಹೇಳಿದ್ದರು. ಒಂದೇ ಆಟ, ಒಂದೇ ತರಬೇತಿ ಇದ್ದರೂ ಏನು ಸರಿ ಎಂಬ ತೀರ್ಮಾನ ಬೇರೆಬೇರೆಯಾಗಬಹುದು.

ಮಕ್ಕಳ ವಿಷಯದಲ್ಲಿ ನಮ್ಮ ಮಾತು ದೊಡ್ಡ ವ್ಯತ್ಯಾಸ ಮಾಡುತ್ತದೆ. ಕ್ಲೌಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆ ಬಂದಾಗ ಬೇಗ ಕೈಬಿಟ್ಟರು. ತಮಗೆ ಎಷ್ಟು ಅಂಕ ಬಂತು ಎಂದು ಹೇಳುವಾಗ ಸುಳ್ಳು ಹೇಳಿದವರೂ ಅವರಲ್ಲೇ ಹೆಚ್ಚು. ಶ್ರಮವನ್ನು ಹೊಗಳಿಸಿಕೊಂಡವರು ಹೆಚ್ಚು ಹೊತ್ತು ಪ್ರಯತ್ನಿಸಿದರು. ಇಂಥ ಮನೋಭಾವ ಕಲಿಸುವುದರ ಪರಿಣಾಮ ಅಂದುಕೊಂಡಷ್ಟು ದೊಡ್ಡದಲ್ಲ ಎಂದು ನಂತರದ ವಿಶ್ಲೇಷಣೆಗಳು ಹೇಳಿವೆ. ಆದರೂ "ನೀನು ಹುಟ್ಟು ಚಾಂಪಿಯನ್" ಎಂಬ ಹೊಗಳಿಕೆ ಮಗುವಿನ ಮೇಲೆ ಹೊರೆಯಾಗಬಹುದು ಎಂಬ ಎಚ್ಚರ ಒಳ್ಳೆಯದು.

ಹಾಗಾದರೆ ಮನೆಯಲ್ಲಿ, ಮೈದಾನದಲ್ಲಿ ಏನು ಮಾಡಬಹುದು?

• ಅಭ್ಯಾಸಕ್ಕೆ ಹೋಗುವ ಮುನ್ನ "ಇವತ್ತು ಏನು ಸುಧಾರಿಸಬೇಕು?" ಎಂದು ಒಂದೇ ಒಂದು ಗುರಿ ಇಟ್ಟುಕೊಳ್ಳಿ. ಬಂದ ಮೇಲೆ ಎರಡು ಸಾಲು ಬರೆದಿಡಿ: ಏನು ಸರಿಯಾಯಿತು, ನಾಳೆ ಏನು ತಿದ್ದಬೇಕು.

• ಪಂದ್ಯಕ್ಕೆ ಚಿಕ್ಕ ತಯಾರಿ ಕ್ರಮ ಇರಲಿ. ಒಂದು ದೀರ್ಘ ಉಸಿರು, ಒಂದು ಪದ, ಒಂದು ಚಲನೆ ಸಾಕು. ತಪ್ಪಾದ ಮೇಲೂ ಅದನ್ನೇ ಮಾಡಿ ಮುಂದಿನ ಚೆಂಡಿಗೆ ಬನ್ನಿ.

• "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಯೋಚಿಸಿಡಿ. ಮಳೆ ಬಂದರೆ, ಶೂ ಕಿತ್ತರೆ, ಮೊದಲ ಸೆಟ್ ಸೋತರೆ ಏನು?

• ನಿದ್ದೆ ತರಬೇತಿಯ ಭಾಗ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವುದಾದರೆ ರಾತ್ರಿ ಮಲಗುವ ಹೊತ್ತನ್ನೂ ಲೆಕ್ಕ ಹಾಕಿ.

• ಸೋತು ಬಂದ ಮಗುವಿಗೆ ವಾಪಸ್ ಬರುವ ದಾರಿಯಲ್ಲೇ ಪಾಠ ಶುರು ಮಾಡಬೇಡಿ. ಮೊದಲು ಊಟವಾಗಲಿ. ತಿದ್ದುವ ಮಾತು ಮರುದಿನ ಕೋಚ್ ಹೇಳಲಿ.

• "ಗೆದ್ದೆಯಾ?" ಎನ್ನುವ ಮೊದಲು "ಆಟ ಹೇಗಿತ್ತು? ಎಲ್ಲಾದರೂ ನೋವಿದೆಯಾ?" ಎಂದು ಕೇಳಿ. ನಿಜ ಹೇಳಿದರೆ ಬೈಗುಳ ಸಿಗುವುದಿಲ್ಲ ಎಂದು ಗೊತ್ತಿರುವ ಮಗು ಮಾತ್ರ ನಿಜ ಹೇಳುತ್ತದೆ.

ಫಾರ್ವರ್ಡ್ ಮಾಡಲು ಚುಟುಕಾಗಿ

10,000 ಗಂಟೆ ಎಂಬುದು ಪಿಟೀಲು ವಾದಕರ ಒಂದು ಗುಂಪಿನ ಸರಾಸರಿ, ಚಾಂಪಿಯನ್ ಆಗುವ ಸೂತ್ರವಲ್ಲ. ಅಭ್ಯಾಸ ರೂಢಿಯಾಗಲು 21 ದಿನ ಸಾಲದಿರಬಹುದು, ಒಂದು ದಿನ ತಪ್ಪಿದರೆ ಮುಳುಗುವುದೂ ಇಲ್ಲ. ಭಯ ಎಲ್ಲರಿಗೂ ಆಗುತ್ತದೆ, ಅದರೊಡನೆ ಆಡುವುದನ್ನು ಕಲಿಯಬಹುದು. ಕಲ್ಪನೆ ಅಭ್ಯಾಸಕ್ಕೆ ಜೊತೆಗಾರ, ಬದಲಿಯಲ್ಲ. ಚಿಕ್ಕ ಮಕ್ಕಳು ಹಲವು ಆಟ ಆಡಲಿ. ಮಗು ನೋವಿದೆ ಎಂದರೆ ಮೊದಲು ನಂಬಿ, ಆಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮುಂದಿನ ಪಂದ್ಯ ಮತ್ತೆ ಬರುತ್ತದೆ, ಮೊಣಕಾಲು ಮತ್ತೆ ಸಿಗುವುದಿಲ್ಲ.